ಕೋಟಿಂಗ್ ಹಾಲಿಗೆ ಬಂದ ಬೆಳಕು

ಗೂಬಣ್ಣ ಎಂದು ಬೇರೆ ಯಾರನ್ನಾದರೂ ಕರೆದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಈತ ಮಾತ್ರ ಖುಷಿಯಿಂದ ಓಗೊಡುತ್ತಿದ್ದ. ಸರ್ಕಾರದ ಫಿಲ್ಮ್ ಕಾರ್ಖಾನೆಯ ಕೋಟಿಂಗ್ ಹಾಲ್ ಎಂಬ ದೊಡ್ಡ ಕೋಣೆಗೆ ಅವನು ಮೇಸ್ತ್ರಿ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗೆ ಬೆಳ್ಳಿ ಬೆರೆಸಿದ ಪಾಕ ಬಳಿಯುವುದು ಅಲ್ಲಿನ ಕೆಲಸ. ಆ ಪಾಕಕ್ಕೂ ಬೆಳಕಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಚೂರು ಬೆಳಕು ಬಿದ್ದರೂ ಮಾಲು ಕಸದ ಪಾಲು. ಹಾಗಾಗಿ ಹಾಲಿನೊಳಗೆ ಯಾವಾಗಲೂ ಕಗ್ಗತ್ತಲು. ಓಡಾಡುವವರು "ಬಂದೆ, ಬಂದೆ" ಎಂದು ಕೂಗಿಕೊಂಡೇ ಓಡಾಡಬೇಕು, ಇಲ್ಲದಿದ್ದರೆ ಹಣೆಗೆ ಹಣೆ ಢೀ. ಗೂಬಣ್ಣನ ಹೆಂಡತಿಯೂ ಅಲ್ಲಿಯವಳೇ. ಅವನು ಮೊದಲು ಮನಸೋತದ್ದು ಅವಳ ದನಿಗೆ. ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ. "ಮೊದಲೇ ನೋಡಿದ್ರೆ ಓಡಿಹೋಗ್ತಿದ್ರಿ" ಎಂದು ಅವಳು ಈಗಲೂ ಕೆಣಕುತ್ತಾಳೆ.

ಈಗ ಅವಳಿಗೆ ಹಾಲಿನ ಬಾಗಿಲು ಕಾಯುವ ಕೆಲಸ. ಒಳಗೆ ಹೋಗುವವರು ಯಾರೇ ಇರಲಿ, ಅಡ್ಡ ನಿಂತು ಒಂದೇ ಉಸಿರಿಗೆ ಕೂಗುತ್ತಾಳೆ: "ಗಡಿಯಾರ, ಬೆಂಕಿಪೊಟ್ಟಣ, ಸಿಗರೇಟು, ಟಾರ್ಚು!" ಅಷ್ಟನ್ನೂ ತಟ್ಟೆಯಲ್ಲಿಟ್ಟೇ ಒಳಗೆ ಹೋಗಬೇಕು, ಗಡಿಯಾರದ ಹೊಳೆಯುವ ಮುಳ್ಳೂ ಅಲ್ಲಿ ಬೆಳಕೇ. ಅವಳಿಗಿಂತ ಮುಂಚೆ ಬಾಗಿಲು ಕಾಯುತ್ತಿದ್ದ ಮುದುಕ ಕಲಿಸಿದ ಪಾಠ ಅದು. ಅದಕ್ಕೆ ಒಂದಕ್ಷರ ಸೇರಿಸಿದ್ದಿಲ್ಲ, ಬಿಟ್ಟದ್ದಿಲ್ಲ.

ಆ ಕಾರ್ಖಾನೆಗೂ ಒಂದು ಕಾಲವಿತ್ತು ಸ್ವಾಮಿ! ಫಿಲ್ಮಿಗಾಗಿ ಹೊರದೇಶದವರ ಮುಂದೆ ಕೈಚಾಚಬಾರದು ಎಂದು ಸರ್ಕಾರ ಹಟ ತೊಟ್ಟು ಕಟ್ಟಿಸಿದ್ದು. ಸಿನಿಮಾದವರು ಗೇಟಿನ ಮುಂದೆ ಠಿಕಾಣಿ ಹೂಡುತ್ತಿದ್ದರು. ಮದುವೆಯ ಫೋಟೋ, ಗುರುತಿನ ಚೀಟಿಯ ಮುಖ, ಎದೆಗೂಡಿನ ಎಕ್ಸ್‌ರೇ, ಎಲ್ಲವೂ ಈ ಕತ್ತಲಲ್ಲೇ ಹುಟ್ಟಬೇಕಿತ್ತು. ಆಮೇಲೆ ಬಣ್ಣದ ಫಿಲ್ಮ್ ಬಂತು. ಮೇಲಿನವರು ಒಂದು ಕಮಿಟಿ ಮಾಡಿದರು. ಆ ಕಮಿಟಿ ಏನು ಹೇಳಿತೆಂದು ನೋಡಲು ಇನ್ನೊಂದು ಕಮಿಟಿ ಮಾಡಿದರು. ಅಷ್ಟರಲ್ಲಿ ಲೋಕವೇ ಬಣ್ಣವಾಗಿ ಹೋಗಿತ್ತು. ಕೊನೆಗೆ ಹೊರಗಿನಿಂದ ದೊಡ್ಡ ಸುರುಳಿ ತರಿಸಿ, ಇಲ್ಲಿ ಕತ್ತರಿಸಿ, ನಮ್ಮ ಡಬ್ಬಿಗೆ ತುಂಬಿ ಮಾರುವ ಗತಿ ಬಂತು. ಗೂಬಣ್ಣನಿಗೆ ಹೊಟ್ಟೆ ಉರಿದುಹೋಯಿತು. "ಪಕ್ಕದ ಮನೆ ಮಗೂಗೆ ನಮ್ಮ ಅಂಗಿ ತೊಡಿಸಿ, ನಮ್ದೇ ಮಗು ಅಂತ ಮೆರೆಸ್ತಿದ್ದಾರಲ್ಲ, ನಾಚಿಕೆ ಆಗಲ್ವಾ ಇವರಿಗೆ?" ಎಂದು ಕಂಡಕಂಡವರನ್ನು ಕೇಳುತ್ತಿದ್ದ.

ಈಗಂತೂ ಕ್ಯಾಮೆರಾಗಳೇ ಫಿಲ್ಮನ್ನು ಕೈಬಿಟ್ಟಿದ್ದವು. ಎಕ್ಸ್‌ರೇ ಫಿಲ್ಮ್ ಒಂದಕ್ಕೆ ಅಷ್ಟಿಷ್ಟು ಬೇಡಿಕೆ ಉಳಿದಿತ್ತು. ಕೋಟಿಂಗ್ ಹಾಲಿಗೆ ಬೀಗ ಹಾಕಿ ಎಂದು ಹೆಡ್ ಆಫೀಸಿನಿಂದ ಆಜ್ಞೆ ಬಂತು. ಗೂಬಣ್ಣ ಸುಮ್ಮನೆ ಕೂರುವ ಆಸಾಮಿಯೇ? ಇನ್ನೊಂದು ವರ್ಷ ನಮ್ಮ ಫಿಲ್ಮ್ ಕೊಳ್ಳಿ ಎಂದು ದೊಡ್ಡಾಸ್ಪತ್ರೆಯ ಮುಖ್ಯ ಡಾಕ್ಟರ ಬಾಗಿಲಲ್ಲಿ ಬೇತಾಳನ ಹಾಗೆ ಬೆನ್ನುಬಿದ್ದು ಕೂತ. ಅವರು ಸಾಕಪ್ಪಾ ಸಾಕು ಎಂದು, "ಒಂದು ಸುರುಳಿ ಮಾಡ್ಕೊಂಡು ಬನ್ನಿ. ಚೆನ್ನಾಗಿದ್ರೆ ಒಂದು ವರ್ಷದ ಆರ್ಡರ್ ಕೊಡ್ತೀನಿ" ಎಂದರು. ಹೆಡ್ ಆಫೀಸಿನವರು ಅರೆಮನಸ್ಸಿನಿಂದ ಒಪ್ಪಿ, ನೋಡಿಕೊಂಡು ಬರಲು ಒಬ್ಬ ಆಫೀಸರನ್ನು ಕಳಿಸಿದರು. ಸುರುಳಿ ಕೆಟ್ಟರೆ ಅವರೇ ನಿಂತು ಬೀಗ ಹಾಕಿಸಬೇಕು. ಉಗ್ರಾಣದಲ್ಲಿ ಉಳಿದಿದ್ದ ಪಾಕ ಒಂದೇ ಸುರುಳಿಗೆ ಸಾಲುವಷ್ಟು.

ಆಫೀಸರು ಸಾಧು ಮನುಷ್ಯ. ಬಾಗಿಲಲ್ಲಿ ಗೂಬಣ್ಣನ ಹೆಂಡತಿ ತನ್ನ ಪಾಠ ಕೂಗಿದಳು. ಅವರು ಮರುಮಾತಿಲ್ಲದೆ ಗಡಿಯಾರ ಬಿಚ್ಚಿಟ್ಟು, ತಾವು ಸಿಗರೇಟು ಸೇದುವುದಿಲ್ಲ ಎಂದು ಹೇಳಿ, ಗೋಡೆ ತಡವುತ್ತ ಒಳಗೆ ಬಂದರು. ಮೆಷಿನ್ ಶುರುವಾಯಿತು. ಹಾಳೆ ಸುಯ್ಯೆಂದು ಓಡತೊಡಗಿತು. ಗೂಬಣ್ಣ ಕಿವಿಗೊಟ್ಟ, ತೊಟ್ಟಿಯಿಂದ ಪಾಕ ಒಂದೇ ಹದದಲ್ಲಿ ಇಳಿಯುತ್ತಿತ್ತು.

"ಏನೂ ಕಾಣ್ತಿಲ್ವಲ್ರೀ" ಎಂದರು ಆಫೀಸರು, ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು.

"ಕಾಣಬಾರದು ಸಾರ್. ಕಂಡ್ರೆ ಕೆಟ್ಟಿತು ಅಂತ ಲೆಕ್ಕ."

ಅವನು ಬಾಯಿ ಮುಚ್ಚುವುದಕ್ಕೂ ಕಾಯಲಿಲ್ಲ, ಹಾಳಾದ್ದು, ಆಫೀಸರ ಜೇಬು ಹಾಡತೊಡಗಿತು. ಗಾಬರಿಬಿದ್ದ ಅವರು ಆಫ್ ಮಾಡಲೆಂದು ಮೊಬೈಲನ್ನು ಹೊರಗೆಳೆದರು. ಹಾಲಿನಲ್ಲಿ ನೀಲಿ ಬೆಳಕು ಹರಡಿತು. ಜೀವಮಾನವೆಲ್ಲ ಕೈಯಿಂದ ಮುಟ್ಟಿಯೇ ಬಲ್ಲ ಮೆಷಿನ್ನನ್ನು ಓಡುತ್ತಿರುವಾಗ ಗೂಬಣ್ಣ ಕಣ್ಣಾರೆ ಕಂಡ. ಅಯ್ಯಯ್ಯೋ, ಕಾಣಬಾರದಿತ್ತು! ಆಫೀಸರ ಬೆವರುಗೈಯಿಂದ ಮೊಬೈಲ್ ಜಾರಿ, ನೆಲದ ಮೇಲೆ ಹಾಡುತ್ತ ಹೊಳೆಯುತ್ತ ಮೆಷಿನ್ನಿನ ಬುಡಕ್ಕೇ ಹೋಯಿತು.

ಗೂಬಣ್ಣ ಹಿಂದೆಮುಂದೆ ನೋಡದೆ ಅದರ ಮೇಲೆ ದಢಾರನೆ ಬೋರಲು ಬಿದ್ದ. ಎಡಗೈ ಮೆಷಿನ್ನಿನ ಕಬ್ಬಿಣದ ಕಾಲಿಗೆ ಬಡಿದು ಪ್ರಾಣ ಹೋದಂತಾಯಿತು. ಮತ್ತೆ ಕತ್ತಲಾಯಿತು.

"ಮೆಷಿನ್ ನಿಲ್ಲಿಸ್ಲಾ ಅಣ್ಣಾ?" ಯಾರೋ ಕೂಗಿದರು.

"ನಿಲ್ಲಿಸಿದ್ರೆ ಸಾಯಿಸಿಬಿಡ್ತೀನಿ! ಮುಚ್ಚಿದ ತೊಟ್ಟಿಯೊಳಗಿನ ಪಾಕಕ್ಕೆ ಬೆಳಕು ತಾಗಿಲ್ಲ, ನಿಂತ್ರೆ ಅಲ್ಲೇ ಗಟ್ಟಿಯಾಗುತ್ತೆ. ಓಡಿಸಿ! ಬೆಳಕು ಬಿದ್ದಷ್ಟನ್ನ ಕತ್ತರಿಸಿ ಎಸೆಯೋಣ, ಮುಂದಿಂದು ನಮ್ದೇ!"

ಹೊಟ್ಟೆಯಡಿಯಲ್ಲಿ ಮೊಬೈಲ್ ಒಂದೇ ಸಮನೆ ಹಾಡುತ್ತಿತ್ತು.

"ಆಫ್ ಮಾಡೋ ಗುಂಡಿ ಯಾವುದು ಸಾರ್?"

"ಎದುರಿಗೇ ಕಾಣುತ್ತೆ ನೋಡಿ... ನೀವು ಸ್ವಲ್ಪ ಎದ್ರೆ..."

"ಏಳೋ ಹಾಗಿಲ್ಲ ಸಾರ್. ಯಾರು ಹೀಗೆ ಪ್ರಾಣ ತಿಂತಿರೋದು?"

"ನಮ್ಮತ್ತೆ ಇರಬೇಕು. ನಾನು ಎತ್ತೋವರೆಗೂ ಅವರು ಬಿಡೋರಲ್ಲ" ಎಂದರು ಆಫೀಸರು, ಅಳುವ ದನಿಯಲ್ಲಿ.

ಅತ್ತೆ ಬಿಡಲಿಲ್ಲ, ಗೂಬಣ್ಣ ಏಳಲಿಲ್ಲ. ತೊಟ್ಟಿಯ ಪಾಕ ಪೂರ್ತಿ ಮುಗಿಯುವವರೆಗೆ ಅವನು ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಮೊಬೈಲಿನ ಮೇಲೇ ಮಲಗಿ ಮೇಸ್ತ್ರಿಕೆ ನಡೆಸಿದ. ಮಣಿಕಟ್ಟು ಊದಿಕೊಳ್ಳುತ್ತಿತ್ತು.

ಹೊರಗೆ ಬಂದಾಗ ಹೆಂಡತಿ ಹಣೆ ಚಚ್ಚಿಕೊಂಡಳು. "ನಂದೇ ತಪ್ಪು ರೀ. ಮೊಬೈಲು ಅಂತ ನನ್ನ ಬಾಯಲ್ಲಿ ಬರಲೇ ಇಲ್ವಲ್ಲ! ನನ್ನ ನಾಲಿಗೆಗೆ ಬೆಂಕಿ ಹಾಕ!"

"ನಮ್ಮಲ್ಲಿ ಯಾರೂ ಅದನ್ನ ಒಳಗೆ ತರಲ್ಲ, ಅದಕ್ಕೇ ಯಾರ ತಲೆಗೂ ಹೊಳೀಲಿಲ್ಲ ಬಿಡೇ. ಹಾಳಾದ್ದನ್ನ ಕತ್ತರಿಸಿದ್ದಾಯ್ತು. ಉಳಿದದ್ದು ಒಣಗಲಿ" ಎಂದ ಗೂಬಣ್ಣ. ಆಸ್ಪತ್ರೆಗೆ ಹೋಗೋಣ ಎಂದು ಆಫೀಸರು ಎಷ್ಟು ಗೋಗರೆದರೂ ಜಪ್ಪಯ್ಯ ಎನ್ನಲಿಲ್ಲ. "ಬರಿಗೈಲಿ ಬರಲ್ಲ ಸಾರ್."

ಫಿಲ್ಮ್ ಒಣಗಿ, ಹಾಳೆಗಳಾಗಿ, ಕಪ್ಪು ಕಾಗದದೊಳಗೆ ಕಟ್ಟಾದ ಮೇಲೆಯೇ ಅವನು ಹೆಂಡತಿಯ ಜೊತೆ ಆಫೀಸರ ಕಾರು ಹತ್ತಿದ್ದು. ದಾರಿಯುದ್ದಕ್ಕೂ ಆಫೀಸರು ಕ್ಷಮೆ ಕೇಳಿದರು. ಅವನಿಗೆ ಅದು ಕಿವಿಗೇ ಬೀಳಲಿಲ್ಲ. ಎಲ್ಲೋ ಒಂದು ಗೆರೆ ಬೆಳಕು ಉಳಿದಿದ್ದರೆ? ಇಷ್ಟು ಜನರ ಕೆಲಸ ಆ ಒಂದು ಗೆರೆಗೆ ಹೋಗುತ್ತಿತ್ತು.

ಮುಖ್ಯ ಡಾಕ್ಟರು ಮಣಿಕಟ್ಟು ಒತ್ತಿ ನೋಡಿದರು. "ಬರೀ ಉಳುಕಿರಬೇಕು. ಆದ್ರೂ ಒಂದು ಎಕ್ಸ್‌ರೇ ತೆಗೆಸಿಬಿಡೋಣ."

ಎಕ್ಸ್‌ರೇಯವನು ಕಪಾಟಿನಿಂದ ಪರದೇಶದ ಡಬ್ಬಿ ತೆಗೆದ. ಗೂಬಣ್ಣ ಕೈಯನ್ನು ಹಿಂದಕ್ಕೆಳೆದುಕೊಂಡ.

"ಅದು ಬೇಡ. ನಮ್ದು ಹಾಕಿ."

"ಸರಿಯಾಗಿ ಬರದಿದ್ರೆ?" ಎಂದರು ಡಾಕ್ಟರು.

"ಬರುತ್ತೆ."

ಚಿತ್ರ ತೊಳೆದು ಬಂತು. ಡಾಕ್ಟರು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕ ಸರಿಮಾಡಿಕೊಂಡು ಬಾಗಿದರು.

"ಉಳುಕಲ್ಲ ಕಣ್ರೀ. ಮೂಳೆ ಬಿರುಕು ಬಿಟ್ಟಿದೆ."

"ಅಯ್ಯೋ!" ಎಂದಳು ಹೆಂಡತಿ.

"ಕಾಣ್ತಾ?" ಗೂಬಣ್ಣ ಎದ್ದೇ ನಿಂತ. "ಬಿರುಕು ಕಾಣ್ತಾ ಸಾರ್? ಸರಿಯಾಗಿ ಕಾಣ್ತಾ?"

"ಕೂದಲೆಳೆಯಷ್ಟಿದೆ. ಆದ್ರೂ ಸ್ಪಷ್ಟವಾಗಿ ಕಾಣ್ತಿದೆ."

ಗೂಬಣ್ಣ ದೀಪದ ಪೆಟ್ಟಿಗೆಗೆ ಮುಖವಿಟ್ಟು ನೋಡಿದ. ಒಂದು ಮಸುಕಿಲ್ಲ, ಒಂದು ಕಲೆಯಿಲ್ಲ. ತನ್ನದೇ ಮೂಳೆ, ಅದರಲ್ಲೊಂದು ಸಣ್ಣ ಕಪ್ಪು ಗೆರೆ. "ಮುರಿದಿದೆಯಂತೆ ಕಣೇ!" ಎಂದು ಹೆಂಡತಿಗೆ ಹೇಳಿ ಗಳಗಳನೆ ಅತ್ತುಬಿಟ್ಟ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಆರ್ಡರ್ ಕೊಡ್ತೀನಿ" ಎಂದರು ಡಾಕ್ಟರು. "ಆದ್ರೆ ಒಂದೇ ವರ್ಷ, ತಿಳೀತಾ? ಆಮೇಲೆ ನಮಗೂ ಫಿಲ್ಮ್ ಬೇಡದ ಮೆಷಿನ್ ಬರುತ್ತೆ. ಆಗ ಬಾಗಿಲಲ್ಲಿ ಬಂದು ಕೂರಬೇಡಿ."

ಆಫೀಸರು ತಲೆ ತಗ್ಗಿಸಿದರು. ಆಮೇಲೆ ಹಾಲಿಗೆ ಬೀಗ ಬೀಳುವುದು ಖಂಡಿತ ಎಂದು ಅವರಿಗೆ ಗೊತ್ತು, ಗೂಬಣ್ಣನಿಗೂ ಗೊತ್ತು.

"ಒಂದು ವರ್ಷ ತಾನೇ ಕೇಳಿದ್ದು" ಎಂದು ಅವನು ಕಣ್ಣೊರೆಸಿಕೊಂಡು, ಊದಿದ ಕೈಯನ್ನು ಮೇಜಿನ ಮೇಲಿಟ್ಟ. "ಬೇಗ ಕಟ್ಟು ಹಾಕಿ ಸಾರ್. ಬೆಳ್ಳಿ ತರಿಸ್ಬೇಕು, ಪಾಕಕ್ಕಿಡ್ಬೇಕು. ಕೆಲಸ ಬೆಟ್ಟದಷ್ಟಿದೆ."