ಫ್ಯಾನ್ ಓಡುತ್ತಿದ್ದರೆ ಒಳಗೆ ಯಾರೋ ಇದ್ದಾರೆ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕೆಜಿಎಫ್ ಕಥೆ ಅಂದ ಕೂಡಲೇ ಸೈನೈಡ್ ದಿಬ್ಬದಿಂದ ಶುರು ಮಾಡು ಅನ್ನುವವರಿದ್ದಾರೆ. ಚಿನ್ನ ಸೋಸಿ ಸುರಿದ ಮಣ್ಣಿನ ಬೂದು ದಿಬ್ಬ, ಅದರ ಹಿಂದೆ ಮುಳುಗುವ ಸೂರ್ಯ, ಒಂದು ನಿಟ್ಟುಸಿರು. ಮಾಡಲ್ಲ. ಆ ದಿಬ್ಬದ ಧೂಳು ಉಣ್ಣುವ ತಟ್ಟೆಗೇ ಬಂದು ಬೀಳುವ ಮನೆಗಳಲ್ಲಿ ಅದು ಸೀನರಿ ಅಲ್ಲ. ಫೋಟೊ ಹೊಡೆದುಕೊಂಡು ಹೋಗುವವರು ಹೊಡೆದುಕೊಂಡು ಹೋಗಲಿ.

ಸದ್ದಿನಿಂದ ಶುರು ಮಾಡುತ್ತೇನೆ. ಬರ್ರ್ರ್ ಅಂತ ಒಂದು ಸದ್ದು. ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಒಂದು ಲೈನ್ ಮನೆ, ಮಧ್ಯಾಹ್ನ. ಮೇಜಿನ ಕೆಳಗಿರುವ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಫ್ಯಾನ್ ಅದು. ಪರದೆ ಆರಿದೆ. ಮನೆಯಲ್ಲಿ ಕುಪ್ಪುಸ್ವಾಮಿ ಒಬ್ಬನೇ.

(ವಯಸ್ಸಾದವರು ಅಂತ ಮೊದಲು 'ಕುಪ್ಪುಸ್ವಾಮಿಯವರು' ಎಂದೇ ಬರೆದಿದ್ದೆ. "ಏನ್ಲಾ, ನನ್ನ ಆಫೀಸರ್ ಮಾಡ್ಬಿಟ್ಟೆ? ನೆಟ್ಟಗೆ ಬರಿ," ಎಂದು ಅವನೇ ತಿದ್ದಿಸಿದ.)

೨

ಸೆಲ್ವಿ ಅವನ ಮಗಳು. ಬಂಗಾರಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಮೂರ್ತಿಗೆ ಮದುವೆ ಆಲ್ಬಂ ಡಿಸೈನ್ ಮಾಡಿಕೊಡುತ್ತಾಳೆ. ಇಷ್ಟು ದಿನ ಬರೀ ಫೋಟೊ. ಈಗ ಮೊದಲ ಸಲ ವಿಡಿಯೋ ಕೆಲಸ ಸಿಕ್ಕಿದೆ: ಕಾಮಸಮುದ್ರದ ಕಡೆಯ ಹುಡುಗಿಯ ಅರಿಶಿನ ಶಾಸ್ತ್ರದ ವಿಡಿಯೋ. ಇವತ್ತು ಸಂಜೆ ಬಂಗಾರಪೇಟೆಯಲ್ಲಿ ಆರತಕ್ಷತೆ, ಅಲ್ಲಿ ದೊಡ್ಡ ಪರದೆಯ ಮೇಲೆ ಅದು ಓಡಬೇಕು. "ಓಡಿದ್ರೆ ಮುಂದಿನ ವಿಡಿಯೋ ಎಲ್ಲ ನಿಂದೇ ಕಣಮ್ಮಾ. ಕೈ ಕೊಟ್ರೆ ಆಲ್ಬಮ್ಮೂ ಬೇರೆಯೋರ್ಗೆ," ಎಂದಿದ್ದ ಮೂರ್ತಿ.

ತುಂಡುಗಳನ್ನೆಲ್ಲ ಜೋಡಿಸಿ, ಒಂದೇ ವಿಡಿಯೋ ಆಗಿ ಹೊರಗೆ ಬರಲಿ ಎಂದು ಬಿಟ್ಟು, ಪರದೆ ಮಾತ್ರ ಆರಿಸಿ, ಸೆಲ್ವಿ ಪೆನ್‌ಡ್ರೈವ್ ತರಲು ರಾಬರ್ಟ್‌ಸನ್‌ಪೇಟೆಗೆ ಹೊರಟಳು.

"ಅಪ್ಪಾ, ಕಂಪ್ಯೂಟ್ರು ಮುಟ್ಬೇಡ."

"ನಾನ್ಯಾಕಮ್ಮಾ ಮುಟ್ಲಿ. ಆರ್ಸಿದೀಯಲ್ಲ?"

"ಊಂ, ಆರ್ಸಿದೀನಿ," ಎಂದಳು, ಚಪ್ಪಲಿ ಹುಡುಕುತ್ತಾ.

(ಇನ್ನೊಂದು ವಾಕ್ಯ ಹೇಳಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬೇಕಂತಲೇ ಅವಸರ ಮಾಡಿಸಿದೆ.)

೩

ಕುಪ್ಪುಸ್ವಾಮಿ ಗಣಿಯಲ್ಲಿ ಚಿನ್ನ ಅಗೆದವನಲ್ಲ. ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಕೂತು ಬಿಲ್ಲೆ ಕೊಡುತ್ತಿದ್ದವನು. ಒಳಗಿಳಿಯುವ ಪ್ರತಿಯೊಬ್ಬನಿಗೂ ನಂಬರ್ ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಮೇಲೆ ಬಂದವನು ಅದನ್ನು ವಾಪಸ್ ಕೊಟ್ಟರೆ ಅದು ಮತ್ತೆ ಅದರ ನಂಬರಿನ ಮೊಳೆಗೆ. ಒಂದೇ ಒಂದು ಮೊಳೆ ಖಾಲಿ ಇದ್ದರೂ ಕೆಳಗೊಬ್ಬ ಮನುಷ್ಯ ಇದ್ದಾನೆ ಅಂತಲೇ ಅರ್ಥ. ಆಗ ಗಾಳಿ ಕಳಿಸುವ ಫ್ಯಾನ್ ನಿಲ್ಲಿಸುವ ಹಾಗಿಲ್ಲ, ಬೀಗ ಹಾಕುವ ಹಾಗಿಲ್ಲ, ಕುಪ್ಪುಸ್ವಾಮಿ ಮನೆಗೆ ಹೋಗುವ ಹಾಗಿಲ್ಲ.

ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಅವನ ಕಿವಿ ಮುಚ್ಚಿಲ್ಲ. ಪರದೆ ಆರಿದೆ, ಫ್ಯಾನ್ ಮಾತ್ರ ಅರಚುತ್ತಿದೆ. ಕೂತಲ್ಲಿ ಕೂರಲಾಗಲಿಲ್ಲ.

ಪಕ್ಕದ ಮನೆ ಪಾಪಕ್ಕ ಗೋಡೆಯಾಚೆಯಿಂದಲೇ ಕೂಗಿದಳು. "ಏನ್ ಕುಪ್ಪಣ್ಣಾ, ಮಿಕ್ಸಿ ಆನ್ ಮಾಡ್ಬಿಟ್ಟು ಮಲೀಕೊಂಡ್ಯಾ?"

"ಮಿಕ್ಸಿ ಅಲ್ಲಕ್ಕಾ. ಒಳಗ್ಯಾರೋ ಅವ್ರೆ."

"ಯಾರು?"

"ಅದೇ ನೋಡ್ಬೇಕು."

೪

(ಇಲ್ಲೊಂದು ಡ್ರಾಫ್ಟ್ ಹರಿದುಹಾಕಿದೆ. ಅದರಲ್ಲಿ ಯಾವನೋ ಕಳ್ಳ ಇಂಟರ್‌ನೆಟ್ಟಿನಿಂದ ನುಗ್ಗಿ, ಇದೇ ಕಂಪ್ಯೂಟರಿನೊಳಗೆ ಗುಟ್ಟಾಗಿ ಬಿಟ್‌ಕಾಯಿನ್ ಗಣಿ ನಡೆಸುತ್ತಿದ್ದ. ಕೆಜಿಎಫ್‌ನಲ್ಲಿ ಮತ್ತೆ ಗಣಿ! ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸೆಲ್ವಿ ಓದಿ, "ನೀನು ಬುದ್ಧಿವಂತ ಅಂತ ತೋರ್ಸೋಕೆ ನಮ್ಮನೆ ಕಂಪ್ಯೂಟ್ರಿಗೆ ವೈರಸ್ ಬಿಡ್ತೀಯಾ? ಆಮೇಲೆ ರಿಪೇರಿಗೆ ನೀನ್ ಬತ್ತೀಯಾ?" ಎಂದಳು. ನನಗೆ ಸ್ಕ್ರೂ ಬಿಚ್ಚಲೂ ಬರಲ್ಲ. ಹರಿದೆ.)

೫

ಕಂಪ್ಯೂಟರಿನ ಇಸ್ಪೀಟ್ ಆಟ ಅಲ್ಲಾಡದೆ ನಿಂತುಬಿಟ್ಟಾಗ ಮೂರು ಗುಂಡಿ ಒಟ್ಟಿಗೆ ಒತ್ತಿ, ಒಳಗೆ ಓಡುತ್ತಿರುವುದನ್ನೆಲ್ಲ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು, ಅದನ್ನು ಮುಗಿಸುವುದನ್ನು ಸೆಲ್ವಿಯೇ ಒಮ್ಮೆ ಕಲಿಸಿದ್ದಳು. ಕುಪ್ಪುಸ್ವಾಮಿ ಪರದೆ ಹಚ್ಚಿದ. ಒತ್ತಿದ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಮೇಲುಗಡೆ ಒಂದೆರಡು ಹೆಸರು. ಕೆಳಗೆ, ಬ್ಯಾಕ್‌ಗ್ರೌಂಡ್ ಅಂತ ಬರೆದ ಕಡೆ, ಸರಿಸಿದಷ್ಟೂ ಜನ.

"ಮುರುಗಾ! ಇಷ್ಟು ಜನಾನ ಕೆಳಗ್ ಬಿಟ್ಟು ಓಗವ್ಳಲ್ಲ ಈ ಉಡುಗಿ!"

ರನ್‌ಟೈಮ್ ಬ್ರೋಕರ್ ಅಂತ ಒಬ್ಬ. ಬಂಗಾರಪೇಟೆ ಮಂಡಿಯಲ್ಲಿ ಹುಣಸೆಹಣ್ಣಿನ ಬ್ರೋಕರುಗಳನ್ನು ಕಂಡವನಿಗೆ ಅವನನ್ನು ಮುಗಿಸುವಾಗ ಏನೂ ಅನಿಸಲಿಲ್ಲ. ಸರ್ವಿಸ್ ಹೋಸ್ಟ್, ಸರ್ವಿಸ್ ಹೋಸ್ಟ್, ಮತ್ತೆ ಸರ್ವಿಸ್ ಹೋಸ್ಟ್. ಒಂದೇ ಶಿಫ್ಟಿನಲ್ಲಿ ಏಳು ಜನ ಸೆಲ್ವರಾಜ್‌ಗಳನ್ನು ಇಳಿಸಿದವನು ಅವನು, ಗಾಬರಿಯಾಗಲಿಲ್ಲ. ಇನ್ನೊಬ್ಬನನ್ನು ಮುಟ್ಟಿದರೆ 'ಅನುಮತಿ ಇಲ್ಲ' ಎಂದು ತಿರುಗಿಬಿದ್ದ. ಯೂನಿಯನ್ ಲೀಡರ್ ಇರಬೇಕು ಎಂದು ಬಿಟ್ಟುಬಿಟ್ಟ.

ಆಮೇಲೆ ಕಂಡ, ಎನ್‌ಕೋಡರ್ ಅನ್ನುವವನು. ಯಾರೆಷ್ಟು ದುಡಿಯುತ್ತಿದ್ದಾರೆ ಎನ್ನುವ ಅಂಕಿ ಬೇರೆಯವರ ಮುಂದೆಲ್ಲ ಸೊನ್ನೆ, ಒಂದು. ಇವನೊಬ್ಬನ ಮುಂದೆ ತೊಂಬತ್ತೆರಡು. ಒಬ್ಬನ ಹೆಗಲಿಗೆ ಎಲ್ಲರ ಕೆಲಸ ಹೇರಿ ಮಿಕ್ಕವರು ಗೋಡೆಗೊರಗಿ ಕೂರುವುದನ್ನು ಕುಪ್ಪುಸ್ವಾಮಿ ಬೇಕಾದಷ್ಟು ನೋಡಿದ್ದ.

"ಡಬಲ್ ಶಿಫ್ಟಾ ಕಂದಾ? ಸಾಕು. ಬಾರಪ್ಪ ಮೇಲಕ್ಕೆ."

ನಿಜವಾಗಿಯೂ ಮುಗಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಮುಗಿಸು ಎಂದ. ಫ್ಯಾನ್ ನಿಧಾನಕ್ಕೆ ಸುಮ್ಮನಾಯಿತು. ಕುಪ್ಪುಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡು ಟೀ ಇಟ್ಟ.

೬

ಸೆಲ್ವಿ ಬಂದಳು. ಪರದೆ ನೋಡಿದಳು, ವಿಡಿಯೋ ಮಧ್ಯದಲ್ಲೇ ನಿಂತಿತ್ತು. ಪೆನ್‌ಡ್ರೈವ್ ಕೈಯಲ್ಲೇ ಇತ್ತು.

"ಎಂಬತ್ ಪರ್ಸೆಂಟ್ ಆಗಿತ್ತಪ್ಪಾ!"

"ಬೇಯ್ತಿದ್ದ ಕಣಮ್ಮಾ ಅವನು. ಡಬ್ಬ ಮುಟ್ ನೋಡು, ಇನ್ನೂ ಸುಡ್ತದೆ."

"ಅವನಲ್ಲ, ಅದು! ಅದು ನನ್ ವಿಡಿಯೋ ಮಾಡ್ತಿತ್ತು! ಒಂದ್ ಮಾತು ಕೇಳ್ದೆ ಎಂಗಪ್ಪಾ ಮುಗಿಸ್ಬಿಟ್ಟೆ?"

"ಕೇಳ್ತಮ್ಮಾ ಅದು. ನಿಜವಾಗ್ಲೂ ಮುಗಿಸ್ಲಾ ಅಂತ ಕೇಳ್ತು." ಅವನ ದನಿ ಇಳಿಯಿತು. "ನಮ್ಮನ್ನ ಮುಗಿಸ್ದಾಗ ಅಷ್ಟೂ ಕೇಳ್ಲಿಲ್ಲ."

(ಈ ಮಾತನ್ನು ನಾನು ಬರೆದು ಕೊಟ್ಟಿರಲಿಲ್ಲ. ಗಣಿ ಮುಚ್ಚಿದ ಸಿಟ್ಟಿಗೆ ಎರಡು ಪುಟ ಬೈಗುಳ ರೆಡಿ ಮಾಡಿಟ್ಟುಕೊಂಡಿದ್ದೆ. ಈಗ ಅದನ್ನು ಎಲ್ಲಿ ಹಾಕಲಿ?)

ಫೋನ್ ಬಡಿದುಕೊಂಡಿತು. ಮೂರ್ತಿ. "ಒರ್ಟ್ಯಾ ಸೆಲ್ವಿ? ಇಲ್ಲಿ ಪರದೆ ಕಟ್ಟಿ ಆಯ್ತು."

"ಬತ್ತಾ ಇದೀನಣ್ಣಾ," ಎಂದಳು, ಕುರ್ಚಿಯಲ್ಲಿ ಕುಸಿಯುತ್ತಾ.

ಕುಪ್ಪುಸ್ವಾಮಿ ನನ್ನ ಕಡೆ ತಿರುಗಿದ.

"ಏನ್ಲಾ, ನನ್ ಕೈಲೇ ಮಾಡಿಸ್ಬೇಕಿತ್ತಾ ಇದ್ನ?"

"ಒತ್ತಿದ್ದು ನೀನೇ ತಾತ."

"ನೀನ್ ಬರ್ದಿದ್ದಕ್ಕೆ ಒತ್ತಿದೆ. ಅಳ್ಸು."

"ಅಳ್ಸಿದ್ರೆ ಕಥೆ ಇರಲ್ಲ."

"ನನ್ ಮಗಳಿಗಿಂತ ನಿನ್ ಕಥೆ ದೊಡ್ದಾ?"

ಎಲ್ಲ ಕಥೆಗಾರರೂ ಮಾಡುವಂತೆ, ಮುಂದಿನ ನಂಬರ್ ಹಾಕಿದೆ.

೭

ಕೊನೆ, ಮೊದಲನೆಯದು: ವಿಡಿಯೋ ತಾನಾಗಿಯೇ ಎಲ್ಲೋ ಸೇವ್ ಆಗಿತ್ತು. ಎಲ್ಲರೂ ನಕ್ಕರು. ಸುಳ್ಳು. ಹಾಗೆಲ್ಲ ಆಗಲ್ಲ.

ಕೊನೆ, ಎರಡನೆಯದು: ಆರತಕ್ಷತೆಯ ಪರದೆ ಕಪ್ಪಾಗಿಯೇ ಉಳಿಯಿತು. ಅಪ್ಪ ಮಗಳು ಮಾತು ಬಿಟ್ಟರು. ಇದನ್ನು ಸ್ಪರ್ಧೆಗೆ ಕಳಿಸಿದರೆ ಬಹುಮಾನ ಗ್ಯಾರಂಟಿ. ನಮ್ಮ ಕಡೆಯವರು ಸೋತು ಮೂಲೆಯಲ್ಲಿ ಕೂತರೆ ತೀರ್ಪುಗಾರರಿಗೆ ಭಲೇ ಖುಷಿ. ಕೊಡಲ್ಲ ಹೋಗ್ರಿ.

ಮೂರನೆಯದನ್ನು ನಾನು ಯೋಚಿಸುತ್ತಿರುವಾಗಲೇ ಸೆಲ್ವಿ ಎದ್ದು ವಿಡಿಯೋ ಮೊದಲಿಂದ ಶುರು ಮಾಡಿದಳು. ಎನ್‌ಕೋಡರ್ ಮತ್ತೆ ಕೆಳಗಿಳಿದ. ಆದರೆ ಬಂಗಾರಪೇಟೆ ರೈಲಿಗೆ ಇರುವ ಹೊತ್ತು ಸಾಲುತ್ತಿರಲಿಲ್ಲ. ಆಮೇಲೆ ಸ್ಟೂಲ್ ಎಳೆದು ಕುರ್ಚಿಯ ಪಕ್ಕಕ್ಕೆ ಹಾಕಿದಳು.

"ಬಾಪ್ಪಾ, ಕೂತ್ಕೋ. ಇವನೊಬ್ಬನ್ನ ಬಿಟ್ಟು ಸುಮ್ನೆ ಇರೋರ್ನೆಲ್ಲ ಮೇಲಕ್ಕೆ ಕರಿ. ಜಾಗ ಆದ್ರೆ ಇವನ್ ಕೆಲಸ ಬೇಗ ಆಗ್ತದೆ. ನನ್ ಕೇಳಿ ಒತ್ತು."

"ಇವ್ನು?"

"ಅಪ್‌ಡೇಟ್ ನೋಡೋನು. ಕರಿ."

"ಇವ್ನು?"

"ಅಯ್ಯೋ, ಬೇಡ! ಪರದೆ ತೋರ್ಸೋನು ಅವನು. ಅವನು ಬಂದ್ರೆ ಕತ್ಲೆ."

"ಇವ್ನು?"

"ನಿನ್ ಇಸ್ಪೀಟು."

ಕುಪ್ಪುಸ್ವಾಮಿ ಸ್ವಲ್ಪ ತಡೆದ. ಅವನನ್ನೂ ಕರೆದ.

ಮಗಳ ಬಾಯಲ್ಲಿ 'ಅದು' ಹೋಗಿ 'ಅವನು' ಬಂದಿತ್ತು. ಅವಳಿಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು, ಪರದೆಗೆ ಇನ್ನಷ್ಟು ಹತ್ತಿರ ಬಾಗಿ ಕೂತ. ಗೋಡೆಯಾಚೆಯಿಂದ ಪಾಪಕ್ಕ, "ಸಿಕ್ಕುದ್ರಾ ಒಳಗಿದ್ದೋರು?" ಎಂದಳು. "ಬತ್ತಾವ್ರೆ ಅಕ್ಕಾ, ಒಬ್ಬೊಬ್ರೇ," ಎಂದ.

೮

ಈಗ ವಿಡಿಯೋದ ಅಂಕಿ ಎಪ್ಪತ್ತು ದಾಟಿದೆ. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿಸಿತು ಅಂತ ಸೆಲ್ವಿ, ಅದು ಸ್ಕೂಲ್ ಬಸ್ಸಿನ ಹಾರನ್ ಅಂತ ಕುಪ್ಪುಸ್ವಾಮಿ. ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಫ್ಯಾನ್ ಮತ್ತೆ ಅರಚುತ್ತಿದೆ.

ಸಾಕು, ರೈಲು ಸಿಕ್ಕಿತಾ ಇಲ್ಲವಾ ಹೇಳು, ಕಥೆ ಮುಗಿಸು ಎನ್ನುತ್ತೀರಿ. ಮುಗಿಸುವ ಗುಂಡಿ ನನ್ನ ಬೆರಳ ಕೆಳಗೇ ಇದೆ. ಒತ್ತೋಣವೆಂದರೆ ಕುಪ್ಪುಸ್ವಾಮಿ ಪರದೆಯಿಂದ ಕಣ್ಣು ತೆಗೆಯದೆಯೇ ನನ್ನ ಕೈ ಹಿಡಿದುಕೊಂಡಿದ್ದಾನೆ. ಬಿಲ್ಲೆ ಎಣಿಸಿದ ಕೈ, ಇನ್ನೂ ಬಿಗಿ ಇದೆ.

"ಫ್ಯಾನ್ ಓಡ್ತಾ ಅದೆ, ಕೇಳಿಸ್ತಿಲ್ವೇನ್ಲಾ? ಒಳಗೆ ಜನ ಅವ್ರೆ. ಬೀಗ ಆಕ್ಬೇಡ."