ಬುಗ್ಗೆ ಉಸಿರು ಬಿಗಿಹಿಡಿದ ಹೊತ್ತು

ಕೆಮಿಗಾಬೊಳ ಗಂಡ ಇರುಂಬಾ ಕಾಣೆಯಾಗಿ ಆ ಜುಲೈಗೆ ಏಳು ವರ್ಷ ತುಂಬಿತ್ತು. ಕಾಡಿನೊಳಗಿನ ಕುದಿನೀರಿನ ಗಂಡು ಬುಗ್ಗೆಯ ಕಡೆಗೆ ಹೋಗುವ ಹಲಗೆದಾರಿ ಎಲ್ಲೋ ಕುಸಿದಿದೆಯಂತೆ, ನೋಡಿ ಬರುತ್ತೇನೆ ಎಂದು ಬೆಳಿಗ್ಗೆ ಹೊರಟವನು ಮರಳಲಿಲ್ಲ. ನಾಲ್ಕು ದಿನ ಕಾಡು ಜಾಲಾಡಿದರು. ಅಂಗಿಯ ಒಂದು ಗುಂಡಿಯೂ ಸಿಗಲಿಲ್ಲ, ಒಂದು ಚೂರು ಬಟ್ಟೆಯೂ ಸಿಗಲಿಲ್ಲ. ನದಿ ದಾಟಿ ಕಾಂಗೋಗೆ ಹೋಗಿದ್ದಾನೆ, ಅಲ್ಲೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಬುಂಡಿಬುಗ್ಯೊ ಪೇಟೆಯಲ್ಲಿ ಕೆಲವರು ಆಡಿಕೊಂಡರು. ಉಳಿದವರು ಹಬೆ ಏಳುವ ದಿಕ್ಕಿಗೊಮ್ಮೆ ನೋಡಿದರು, ಅಷ್ಟೆ. ಆ ನೀರಿಗೆ ಬಿದ್ದದ್ದರಲ್ಲಿ ಮೂಳೆಯೂ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಹೆಣ ಸಿಗದವನಿಗೆ ಹೆಣದ ಬದಲು ಬಾಳೆದಿಂಡನ್ನು, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುವುದುಂಟು. ಇರುಂಬಾನ ತಾಯಿ ಕಬಾಹೆಂಡಾ ಅದಕ್ಕೆ ಸುತರಾಂ ಒಪ್ಪಲಿಲ್ಲ. “ನಾನು ಹೆತ್ತದ್ದು ಮನುಷ್ಯನ್ನ. ಬಾಳೆಗಿಡ ಅಲ್ಲ,” ಎಂದು ಕುಲದ ಹಿರಿಯರನ್ನು ಅಂಗಳದಿಂದಲೇ ಕಳಿಸಿದಳು. ಮಗನ ಮಾತು ಬಂದಾಗಲೆಲ್ಲ ‘ಅವನಿಗೆ ಮುದ್ದೆ ಬಿಸಿ ಇರಬೇಕು’, ‘ಅವನು ಕೋಳಿಯ ಕತ್ತು ತಿನ್ನೋದಿಲ್ಲ’ ಎಂದು ಬದುಕಿರುವವನ ಹಾಗೆಯೇ ಹೇಳುತ್ತಿದ್ದಳು. ಹೀಗಾಗಿ ಕೆಮಿಗಾಬೊ ಅತ್ತ ಗಂಡನಿದ್ದವಳೂ ಅಲ್ಲ, ಇತ್ತ ಗಂಡನಿಲ್ಲದವಳೂ ಅಲ್ಲ. ಎರಡನೆಯ ವರ್ಷ ಅವಳು ಅವನ ಕೆಲಸಕ್ಕೇ ಸೇರಿಕೊಂಡಳು. ಕಾಡು ನೋಡಲು ಬಂದವರಿಗೆ ದಾರಿ ತೋರಿಸುವುದು, ಡೇರೆ ಹಾಕಿಸುವುದು, ಗಂಡು, ಹೆಣ್ಣು ಎಂದು ಕರೆಯುವ ಎರಡು ಬುಗ್ಗೆಗಳಲ್ಲಿ ಹೆಣ್ಣು ಬುಗ್ಗೆಯ ಕುದಿನೀರಿನಲ್ಲಿ ಮೊಟ್ಟೆ ಬೇಯಿಸಿ ಕೊಡುವುದು. ಗಂಡು ಬುಗ್ಗೆಯ ಕಡೆಗೂ ಜನರನ್ನು ಕರೆದೊಯ್ಯುತ್ತಿದ್ದಳು. ಅಲ್ಲಿ ನಿಂತಾಗ ಮಾತ್ರ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು.

ಆ ವಾರ ಬಂದವನು ಒಬ್ಬನೇ. ಮಸಾಕಾ ಕಡೆಯ ಸೆಬುಲಿಬಾ. ನಲವತ್ತು ದಾಟಿದ ಗುಂಡುಗುಂಡಾದ ಮನುಷ್ಯ, ಹಕ್ಕಿಗಳ ಕೂಗನ್ನು ಯಂತ್ರದಲ್ಲಿ ಹಿಡಿದಿಡುವುದು ಅವನ ಕೆಲಸ. ಡೇರೆಯ ಗೂಟ ಹೊಡೆಯುವಷ್ಟರಲ್ಲೇ ತನ್ನ ಇಡೀ ಸಂಸಾರದ ಕಥೆ ಹೇಳಿ ಮುಗಿಸಿದ.

“ನನ್ನ ಹೆಂಡ್ತಿ ಏನಂತಾಳೆ ಗೊತ್ತಾ? ಊರಿನ ಹಕ್ಕಿ ಮಾತೆಲ್ಲ ಕೇಳ್ತೀರಿ, ನನ್ನ ಮಾತು ಒಂದು ಕೇಳಲ್ಲ ಅಂತ.”

“ಹಕ್ಕಿ ಸೌದೆ ತನ್ನಿ ಅನ್ನಲ್ವಲ್ಲ,” ಎಂದಳು ಕೆಮಿಗಾಬೊ. ಅವನು ಹೊಟ್ಟೆ ಕುಲುಕಿಸಿ ನಕ್ಕ.

ಎರಡು ದಿನ ಇರುತ್ತೇನೆ, ಬೆಳಕು ಹರಿಯುವಾಗ ಗಂಡು ಬುಗ್ಗೆಯ ಹತ್ತಿರ ಕೂತರೆ ಹಾರ್ನ್‌ಬಿಲ್ ಕೂಗು ಚೆನ್ನಾಗಿ ಸಿಗುತ್ತದೆಯಂತೆ ಎಂದ. ಹಲಗೆ ಬಿಟ್ಟು ಕಾಲು ಇಡಬೇಡಿ, ಆ ಬಿಳಿ ನೆಲ ಹಪ್ಪಳದ ಹಾಗೆ, ಮೇಲೆ ಗಟ್ಟಿ ಕಾಣುತ್ತೆ ಅಷ್ಟೆ ಎಂದು ಅವಳು ಎಚ್ಚರಿಸಿದಳು.

ಮರುದಿನ ಬೆಳಿಗ್ಗೆ ಸೆಬುಲಿಬಾ ಆಗಲೇ ಗಂಡು ಬುಗ್ಗೆಯತ್ತ ಹೋಗಿದ್ದ, ಅವಳು ಡೇರೆಗಳ ಬಯಲಿನಲ್ಲಿ ಸೌದೆ ಮುರಿಯುತ್ತಿದ್ದಳು. ಮರಗಳ ತುದಿಗೆ ಬೆಳಕು ಬಂದಿತ್ತು, ಬುಡಕ್ಕಿನ್ನೂ ಬಂದಿರಲಿಲ್ಲ. ಕಾಡಿನ ಒಳಗಿಂದ ಬುಗ್ಗೆಯ ಸದ್ದು ಎಂದಿನ ಹಾಗೆ ಗೊಳಗೊಳ ಕೇಳುತ್ತಿತ್ತು. ಕೇಳುತ್ತಿತ್ತು ಎನ್ನುವುದೂ ತಪ್ಪು. ತನ್ನ ಉಸಿರು ತನಗೆ ಹೇಗೆ ಕೇಳುವುದಿಲ್ಲವೋ ಹಾಗೆ ಆ ಸದ್ದು ಅವಳಿಗೆ ಕೇಳುವುದು ನಿಂತು ವರ್ಷಗಳಾಗಿದ್ದವು.

ಅದು ನಿಂತಿತು.

ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. ಕೊಂಬೆಯ ಮೇಲಿದ್ದ ಕೋತಿಗಳೂ ಅಲ್ಲಾಡದೆ ಒಂದೇ ಕಡೆ ಮುಖ ಮಾಡಿ ಕೂತವು. ನಾಲ್ಕು ಮಾತು ಆಡುವಷ್ಟು ಹೊತ್ತು. ಮತ್ತೆ ಗೊಳಗೊಳ ಶುರುವಾಯಿತು. ಮತ್ತೆ ನಿಂತಿತು. ಹೀಗೆ ಐದಾರು ಸಲ. ಯಾರೋ ಕುದಿಯುವ ಪಾತ್ರೆಯ ಮೇಲೆ ಅಂಗೈ ಇಟ್ಟು ತೆಗೆದ ಹಾಗೆ. ಕೆಮಿಗಾಬೊ ಹಲಗೆದಾರಿಯ ಮೊದಲಿನವರೆಗೆ ಓಡಿದಳು. ಅಲ್ಲೇ ನಿಂತು ಹಬೆಯ ಕಡೆ ನೋಡಿದಳು.

ಸ್ವಲ್ಪ ಹೊತ್ತಿಗೆ ಹಬೆಯೊಳಗಿಂದ ಸೆಬುಲಿಬಾನೇ ಬಂದ, ಹೆಗಲಿಗೆ ಯಂತ್ರ, ಮುಖದ ತುಂಬ ಖುಷಿ.

“ಏನಮ್ಮಾ, ಇನ್ನೊಬ್ರು ಇದಾರೆ ಅಂತ ಹೇಳ್ಲೇ ಇಲ್ಲ ನೀವು! ಒಳ್ಳೆ ಮನುಷ್ಯ. ಹಸಿದಿದ್ದ ಅನ್ಸುತ್ತೆ, ನಾನು ಕಟ್ಕೊಂಡು ಹೋಗಿದ್ದ ಎರಡು ಮೊಟ್ಟೆನೂ ತಿಂದ್ಬಿಟ್ಟ.”

“ಯಾರು?”

“ನಿಮ್ಮೋರೇ. ನೀವು ಹಾಕಿದೀರಲ್ಲ, ಇದೇ ಹಸಿರು ಅಂಗಿ. ನೀರಿನ ಅಂಚಲ್ಲಿ ಕೂತು ಅದನ್ನೇ ಹಿಂಡ್ತಾ ಇದ್ದ.”

“ಇವತ್ತು ಇಲ್ಲಿ ನಾನೊಬ್ಬಳೇ ಇರೋದು.”

“ಹಾಗಾದ್ರೆ ಹೆಂಡ್ತಿ ಹತ್ರ ಬೈಸಿಕೊಂಡು ಬಂದು ಕೂತಿರ್ಬೇಕು, ಬಿಡಿ.”

ಕೆಮಿಗಾಬೊ ನಗಲಿಲ್ಲ. “ಅವರ ಕಿವಿ ಹೇಗಿತ್ತು?”

“ಕಿವಿನಾ?” ಅವನು ತನ್ನ ಎಡಗಿವಿಯನ್ನೇ ಮುಟ್ಟಿಕೊಂಡ. “ಹೌದಲ್ಲ, ಈ ತುದಿ ಇರ್ಲಿಲ್ಲ. ನಾಯಿ ಕಚ್ಚಿದ್ದಂತೆ, ಚಿಕ್ಕವನಿದ್ದಾಗ. ಅವನೇ ಹೇಳ್ದ.”

“ಮತ್ತೇನು ಹೇಳಿದ್ರು?”

“ನಿಮ್ಮ ಕಡೆಯವರೆಲ್ಲ ಕೇಳೋದನ್ನೇ. ನಿನ್ನ ಎಂಪಾಕೊ ಏನು ಅಂತ. ನಮ್ಮಲ್ಲಿ ಅದೆಲ್ಲ ಇಲ್ಲಪ್ಪಾ ಅಂದೆ. ಅಯ್ಯೋ ಪಾಪ, ಪ್ರೀತಿಯಿಂದ ಕರೆಯೋಕೊಂದು ಹೆಸರಿಲ್ದೆ ಹೇಗೆ ಬದುಕ್ತೀಯ, ತಗೋ, ನನ್ನದನ್ನೇ ಇಟ್ಕೋ, ನಂಗಿನ್ನು ಬೇಡ ಅಂದ. ಅರಾಲಿ! ಚೆನ್ನಾಗಿದೆ ಅಲ್ವಾ?”

ಇರುಂಬಾನ ಕಿವಿಯೂ ಹಾಗೇ ಇತ್ತು, ಅವನೂ ಅರಾಲಿಯೇ. ಊರಿನಲ್ಲಿ ಹತ್ತು ಮಂದಿ ಅರಾಲಿಗಳಿದ್ದರು. ಇರುವುದೇ ಹನ್ನೆರಡು ಎಂಪಾಕೊ. ಹುಟ್ಟಿದ ಪ್ರತಿ ಮಗುವಿಗೂ ಅದರಲ್ಲೊಂದನ್ನು ಇಡುತ್ತಾರೆ, ತಾಯಿ ಮುದ್ದಿಗೆ, ಹೆಂಡತಿ ಸರಸಕ್ಕೆ, ನೆರೆಯವರು ಮರ್ಯಾದೆಗೆ ಅದನ್ನೇ ಹಿಡಿದು ಕರೆಯುತ್ತಾರೆ. ಆದರೆ ತನಗಿಟ್ಟದ್ದನ್ನು ಕಳಚಿ ಇನ್ನೊಬ್ಬನಿಗೆ ತೊಡಿಸಿದವರನ್ನು ಕೆಮಿಗಾಬೊ ಕಂಡಿರಲಿಲ್ಲ, ಕೇಳಿರಲಿಲ್ಲ.

“ಇರಿ, ಯಂತ್ರ ಓಡ್ತಾನೇ ಇತ್ತು,” ಎಂದು ಅವನು ಗುಂಡಿ ಒತ್ತಿದ.

ಮೊದಲು ಹಕ್ಕಿ, ನೀರಿನ ಕುದಿ. ಆಮೇಲೆ ಸೆಬುಲಿಬಾನ ಧ್ವನಿ: “ನಮಸ್ಕಾರ! ಇಷ್ಟು ಬೇಗ ಎದ್ದು ಬಟ್ಟೆ ಒಗೀತಿದೀರಾ?” ತಕ್ಷಣ ಕುದಿ ನಿಂತಿತು. ಹಕ್ಕಿಯೂ ನಿಂತಿತು. ಯಂತ್ರದಲ್ಲಿ ಏನೂ ಇಲ್ಲದ ಏನೋ ಒಂದು ತುಂಬಿಕೊಂಡಿತು. ಮತ್ತೆ ಕುದಿ, ಮತ್ತೆ ಸೆಬುಲಿಬಾನ ನಗು: “ಹೌದಾ? ನಾಯಿನಾ?” ಮತ್ತೆ ನಿಶ್ಶಬ್ದ. ಅವನು ಪ್ರಶ್ನೆ ಕೇಳುತ್ತಿದ್ದ, ಒಪ್ಪುತ್ತಿದ್ದ, ನಗುತ್ತಿದ್ದ. ಉತ್ತರ ಇರಬೇಕಾದ ಜಾಗದಲ್ಲೆಲ್ಲ ಬುಗ್ಗೆ ಉಸಿರು ಬಿಗಿಹಿಡಿದಿತ್ತು.

ಸೆಬುಲಿಬಾನ ಮುಖದಿಂದ ಖುಷಿ ನಿಧಾನವಾಗಿ ಇಳಿಯಿತು. “ಯಂತ್ರ ಕೆಟ್ಟಿರ್ಬೇಕು,” ಎಂದ. ಅವಳು ಹ್ಞೂಂ ಎಂದಳು. ಗಂಡನ ವಿಚಾರ ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ಡೇರೆ ಕಿತ್ತುಕೊಂಡು ಹೊರಟುಬಿಡುತ್ತಾನೆ, ಅವನಿರುವ ಇನ್ನೊಂದು ಬೆಳಗಿನಲ್ಲಾದರೂ ಗಂಡ ಮತ್ತೆ ಬಂದಾನು ಎಂಬ ಆಸೆ.

ಆ ಇನ್ನೊಂದು ಬೆಳಗಿಗೆ ಅವಳು ರಾಗಿ ಮುದ್ದೆ ಕಟ್ಟಿ, ಹುರುಳಿಕಾಯಿ ಬೀಜದ ಗೊಜ್ಜು ಮಾಡಿ, ಬಾಳೆಲೆಯಲ್ಲಿ ಸುತ್ತಿಕೊಂಡು ಹಲಗೆದಾರಿಯ ಕೊನೆಯವರೆಗೂ ಹೋದಳು. ಏಳು ವರ್ಷದಲ್ಲಿ ಮೊದಲ ಸಲ ನೀರಿಗೆ ಮುಖ ಮಾಡಿ ನಿಂತಳು. ಹಬೆ ದಪ್ಪ ಕಂಬಳಿಯ ಹಾಗೆ ಮೈಗೆ ಸುತ್ತಿಕೊಂಡಿತು. ಅಂಚಿನ ಕಲ್ಲಿನ ಮೇಲೆ ಮೊಟ್ಟೆಯ ಸಿಪ್ಪೆ ಬಿದ್ದಿತ್ತು. ಪಕ್ಕದಲ್ಲಿ ಕಾಗದದ ಚೂರು, ಅದರಲ್ಲಿ ಒಂದು ಚಿಟಿಕೆ ಉಪ್ಪು. ಸುತ್ತ ಎಲ್ಲವೂ ತೊಟ್ಟಿಕ್ಕುತ್ತಿದ್ದರೂ ಆ ಉಪ್ಪು ಒಣಗಿಯೇ ಇತ್ತು.

ಬೈಯಬೇಕೆಂದು ಏಳು ವರ್ಷದಿಂದ ಮಾತು ಕೂಡಿಟ್ಟಿದ್ದಳು. ಬಾಯಿಂದ ಬಂದದ್ದು ಒಂದೇ.

“ಅರಾಲಿ.”

ನೀರು ಕುದಿಯುತ್ತಲೇ ಇತ್ತು.

“ಅರಾಲಿ, ನಾನು ಅಬ್ವೋಲಿ. ಬಂದಿದೀನಿ,” ಎಂದು ತನ್ನ ಎಂಪಾಕೊವನ್ನೂ ಹೇಳಿದಳು.

ನೀರು ಕುದಿಯುತ್ತಲೇ ಇತ್ತು. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಹೊಟ್ಟೆಯ ಆಳದಿಂದ ಮೂರನೆಯ ಸಲ ಕೂಗಿದಳು.

“ಓ! ಬಂದೆ,” ಎಂದಿತು ಧ್ವನಿ, ಬೆನ್ನ ಹಿಂದಿನಿಂದ.

ತಿರುಗಿ ನೋಡಿದರೆ ಸೆಬುಲಿಬಾ. ಬರಿಗಾಲು, ಮಲಗುವಾಗಿನ ಬನಿಯನ್ನು, ಕಣ್ಣು ಅರೆಮುಚ್ಚಿದ್ದವು. ಡೇರೆಯಿಂದ ಅಲ್ಲಿಗೆ ಇನ್ನೂರು ಮಾರು. ಆ ಕುದಿಯ ಸದ್ದಿನಲ್ಲಿ ಹತ್ತು ಮಾರಿನ ಕೂಗೂ ಕೇಳಿಸುವುದಿಲ್ಲ. “ಕರೆದ್ಯಲ್ಲ, ಬಂದೆ,” ಎನ್ನುತ್ತ ಅವನು ಅವಳನ್ನು ದಾಟಿ, ಹಲಗೆ ಮುಗಿದ ಕಡೆ ನಿಲ್ಲದೆ, ಬಿಳಿ ನೆಲಕ್ಕೆ ಕಾಲಿಟ್ಟ. ಒಂದು ಹೆಜ್ಜೆ. ಇನ್ನೊಂದು. ನೆಲ ಗಾಜಿನ ಹಾಗೆ ಲಟಕ್ಕೆಂದಿತು, ಬಿರುಕಿನಿಂದ ಹಬೆ ಚಿಮ್ಮಿತು.

ಕೆಮಿಗಾಬೊ ಬಾಳೆಲೆಯ ಗಂಟು ಎಸೆದು ಅವನ ಬನಿಯನ್ನಿಗೆ ಎರಡೂ ಕೈ ಹಾಕಿ ಎಳೆದಳು. ಇಬ್ಬರೂ ಹಲಗೆಯ ಮೇಲೆ ಅಂಗಾತ ಬಿದ್ದರು. ಆಗ ಅವನ ಕಣ್ಣು ಪೂರಾ ತೆರೆಯಿತು.

“ನಾನು... ಇಲ್ಲಿ ಯಾಕಿದೀನಿ?”

ಅವಳು ಅವನ ಅಂಗಾಲು ಹಿಡಿದು ನೋಡಿದಳು. ಚರ್ಮ ಸುಲಿದಿರಬೇಕಿತ್ತು. ಒಂದು ಬೊಬ್ಬೆಯೂ ಇರಲಿಲ್ಲ. ಆಗಷ್ಟೇ ಕೆರೆಯಿಂದ ತೆಗೆದ ಮೀನಿನ ಹಾಗೆ ತಣ್ಣಗಿತ್ತು.

ಆಗ ಅವಳು ಎಲ್ಲ ಹೇಳಿದಳು. ಸೆಬುಲಿಬಾ ಕೇಳುತ್ತ ಕೇಳುತ್ತ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡ.

“ನಂಗೆ ಬೇಡ ಆ ಹೆಸರು, ಈಗ್ಲೇ ವಾಪಸ್ ಕೊಡ್ತೀನಿ. ಹೇಗೆ ಕೊಡೋದು ಹೇಳಿ.”

“ನಂಗೇನು ಗೊತ್ತು? ನಮ್ಮತ್ತೆನ ಕೇಳೋಣ.”

ಕಬಾಹೆಂಡಾ ಅಂಗಳದಲ್ಲಿ ಕೋಕೋ ಬೀಜ ಒಣಗಹಾಕುತ್ತಿದ್ದಳು. ಸೊಸೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆಬುಲಿಬಾನನ್ನು ಎದುರಿಗೆ ಕೂರಿಸಿಕೊಂಡಳು.

“ಅವನು ಮೊಟ್ಟೆ ತಿಂದ ಅಂದ್ಯಲ್ಲ. ಉಪ್ಪು?”

“ಕೊಟ್ಟೆ ಅಮ್ಮಾ. ಬೆರಳಲ್ಲಿ ಆ ಕಡೆ ತಳ್ಳಿಬಿಟ್ಟ.”

“ಉಪ್ಪಿಲ್ದೇ ತಿಂದ್ನಾ?”

“ಸಪ್ಪೆ ಸಪ್ಪೆನೇ ನುಂಗ್ದ.”

ಮುದುಕಿ ಅಂಗೈಯಲ್ಲಿದ್ದ ಕೋಕೋ ಬೀಜಗಳನ್ನು ಕೆಳಗೆ ಸುರಿದಳು. “ಬದುಕಿರೋ ನನ್ನ ಮಗ ಉಪ್ಪಿಲ್ದೆ ಒಂದು ತುತ್ತು ಎತ್ತೋನಲ್ಲ,” ಎಂದಳು. “ಉಪ್ಪಿನ ಋಣ ಹರಿದವರಷ್ಟೇ ಹಾಗೆ ತಿನ್ನೋದು.” ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋಗಿ ಹಿರಿಯರನ್ನ ಕರಿ. ದಪ್ಪದೊಂದು ಬಾಳೆ ನೋಡಿ ಕಡಿಸು. ಅವನು ಎತ್ತರದ ಆಳು, ನೆನಪಿರ್ಲಿ.”

ಮಾರನೆಯ ಮಧ್ಯಾಹ್ನ ಮನೆಯ ಹಿಂದಿನ ತೋಟದಲ್ಲಿ ಮಣ್ಣು ಮಾಡಿದರು. ತೊಗಟೆಬಟ್ಟೆಯಲ್ಲಿ ಸುತ್ತಿದ ದಿಂಡು ಆರು ಜನ ಹೊತ್ತರೂ ಭಾರವೆನಿಸಿತಂತೆ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಸೆ ತಲೆ ಬೋಳಿಸಿಕೊಂಡರು. ಸೆಬುಲಿಬಾ ಹೋಗದೆ ನಿಂತಿದ್ದ, ಒಂದು ಹಿಡಿ ಮಣ್ಣನ್ನೂ ಹಾಕಿದ. ಹೆಸರು ವಾಪಸ್ ಕೊಡುವ ಮಾತೆತ್ತಿದಾಗ ಕಬಾಹೆಂಡಾ ಗದರಿದಳು.

“ಕೊಟ್ಟವನು ಎಲ್ಲಿದಾನೆ ತಗೊಳ್ಳೋಕೆ? ಮರ್ಯಾದೆಯಾಗಿ ಇಟ್ಕೊ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಉಪ್ಪು ನೆಕ್ಕು. ನಾಲಿಗೆಗೆ ಉಪ್ಪು ಗೊತ್ತಾಗ್ತಾ ಇರೋವರೆಗೂ ಯಾರೂ ನಿನ್ನನ್ನ ಆ ಕಡೆಗೆ ಕರೆಯಲ್ಲ.”

“ಈಗ ಗೊತ್ತೇ ಆಗ್ತಿಲ್ಲ ಅಮ್ಮಾ,” ಎಂದ ಅವನು ಸಣ್ಣ ಧ್ವನಿಯಲ್ಲಿ. ಅಂದು ಬಡಿಸಿದ ಗೊಜ್ಜಿಗೆ ಮುದುಕಿ ಬೇಕೆಂದೇ ಹಿಡಿ ಉಪ್ಪು ಸುರಿದಿದ್ದಳು. ಊರವರು ಮುಖ ಸಿಂಡರಿಸಿ ಎಲೆ ಬಿಟ್ಟೆದ್ದರೆ ಅವನು ಮಾತ್ರ ಒರೆಸಿ ತಿಂದಿದ್ದ.

ಮಸಾಕಾ ಸೇರಿದ ಮೇಲೆ ಎರಡು ಸಲ ಫೋನು ಮಾಡಿದ. ಒಲೆಯಿಂದ ಇಳಿಸಿದ ಚಹಾ ಗಟಗಟ ಕುಡಿಯುತ್ತೇನೆ, ಬಿಸಿಯೇ ಇಲ್ಲ, ಹೆಂಡತಿ ನೋಡಿ ನೋಡಿ ಅಳುತ್ತಾಳೆ ಎಂದ. ಉಪ್ಪು ಬಿಡಬೇಡ ಎಂದಳು ಕಬಾಹೆಂಡಾ. ಹನ್ನೊಂದನೆಯ ದಿನ ಮತ್ತೆ ಫೋನು. ಕೆಮಿಗಾಬೊ ಎತ್ತಿದರೆ ಆ ಕಡೆ ಕಿರುಚಾಟ.

“ಸುಟ್ಟೋಯ್ತು! ಅಬ್ವೋಲಿ, ನಾಲಿಗೆ ಸುಟ್ಟೋಯ್ತು! ಅಮ್ಮಂಗೆ ಹೇಳಿ, ಬೊಬ್ಬೆ ಬಂದಿದೆ!” ಹಿಂದಿನಿಂದ ಅವನ ಹೆಂಡತಿ ನಗುವುದೋ ಅಳುವುದೋ ಕೇಳುತ್ತಿತ್ತು.

ಕೆಮಿಗಾಬೊ ತಿಂಗಳು ರಜೆ ಹಾಕಿ ಮನೆಯಲ್ಲೇ ಉಳಿದಳು. ಕೂದಲು ಸಾಸಿವೆಯಷ್ಟು ಚಿಗುರಿತು. ಒಂದು ಸಂಜೆ ಅತ್ತೆ ಸೊಸೆ ಚಾಪೆಯ ಮೇಲಿನ ಕೋಕೋ ಬೀಜ ಮಗುಚುತ್ತಿದ್ದರು. ಬೆಟ್ಟದ ಕಡೆ ಮೋಡ ಕಪ್ಪಾಗುತ್ತಿತ್ತು.

“ನಿದ್ದೇಲಿ ಅವನು ಏನ್ ಗೊರಕೆ ಹೊಡೀತಿದ್ದ, ಅಲ್ವೇನೇ?” ಎಂದಳು ಕಬಾಹೆಂಡಾ.

‘ಹೊಡೀತಿದ್ದ’ ಎಂಬ ಮಾತಿಗೆ ಕೆಮಿಗಾಬೊಳ ಕೈ ನಿಂತಿತು. ಅವಳು ಅತ್ತೆಯ ಮುಖ ನೋಡಿದಳು. ಮುದುಕಿ ತಲೆ ಎತ್ತಲಿಲ್ಲ.

“ಹೊಡೀತಿದ್ರು ಅತ್ತೆ,” ಎಂದಳು. “ಪಕ್ಕದ ಮನೆ ಆಡು ಹಗ್ಗ ಕಿತ್ಕೊಂಡು ಓಡೋ ಹಾಗೆ.”

ಕಬಾಹೆಂಡಾಗೆ ನಗು ಬಂತು. ಬಂದ ನಗು ಹೊರಟು ಹೋಗದೆ ಬೇರೇನೋ ಆಯಿತು. ಇಬ್ಬರೂ ಚಾಪೆಯ ಮೇಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ಮಳೆಯ ಮೊದಲ ಹನಿಗಳು ಬೋಳು ತಲೆಗಳ ಮೇಲೆ ಬಿದ್ದಾಗ ಬೀಜದ ನೆನಪಾಗಿ, ಬೈದುಕೊಳ್ಳುತ್ತ, ಚಾಪೆಯ ಎರಡು ತುದಿ ಹಿಡಿದು ಒಳಗೆ ಓಡಿದರು.