ಮೂರನೆಯ ಕೋಣೆಯ ಬಡಗು ಮೂಲೆ

ಸತ್ತವರನ್ನು ನೆನೆದು ಸಮಾಧಿ ಗುಡಿಸುವ ಹಬ್ಬಕ್ಕೆ ಇನ್ನು ಐದೇ ದಿನ. ಮ್ಯೂಸಿಯಮ್ಮಿನ ಟಿಕೆಟ್ಟು ಪುಕ್ಕಟೆಯೇನೋ ಹೌದು, ಆದರೆ ಸಿಗುವುದು ಫೋನಿನಲ್ಲಿ, ಸಂಜೆ ಐದಕ್ಕೆ ಸರಿಯಾಗಿ. ಕಣ್ಣು ಮಿಟುಕಿಸುವುದರೊಳಗೆ ಖಾಲಿ. ತ್ಸುಯಿಯೆ ನಾಲ್ಕೂವರೆಗೇ ಮೂವರ ಗುರುತಿನ ಚೀಟಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಸೊಸೆ ಯಾನ್‌ನಿಯ ಪಕ್ಕ ಕೂತುಬಿಟ್ಟಿದ್ದಳು. ತನ್ನ ಹೊಲಕ್ಕೆ ತಾನು ಹೋಗಲು ಅಪ್ಪಣೆ ಕೇಳುವ ಕಾಲ ಬಂತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿ. ಆದರೆ ಹೊಟ್ಟೆಯಲ್ಲಿರುವ ಗಡ್ಡೆ ಇನ್ನೊಂದು ಹಬ್ಬ ಕಾಣಗೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮ್ಯೂಸಿಯಂ ನಿಂತಿರುವುದು ಅವರ ಹಳೆಯ ಊರಿನ ಮೇಲೆ. ಹನ್ನೆರಡು ವರ್ಷದ ಹಿಂದೆ ಬಾವಿ ತೋಡುವಾಗ ಆರು ಸಾವಿರ ವರ್ಷ ಹಿಂದಿನವರ ಮನೆ, ಒಲೆ, ಮಡಕೆಗಳು ಸಿಕ್ಕವು. ಬದುಕಿರುವವರನ್ನು ಎಬ್ಬಿಸಿ ಈ ಆರು ಮಹಡಿಯ ಕಟ್ಟಡಕ್ಕೆ ತುಂಬಿದರು. ನಿಮ್ಮವರ ಗೋರಿಗಳಿದ್ದರೆ ಬಂದು ತಿಳಿಸಿ ಎಂದು ನೋಟೀಸು ಅಂಟಿಸಿದ್ದರು. ತ್ಸುಯಿಯೆ ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಬದುಕಿದ ತನ್ನ ಹೆಣ್ಣುಕೂಸಿಗೆ ಎಲ್ಲಿಯ ಗೋರಿ? ಅಂಥ ಕೂಸನ್ನು ಅಪ್ಪನೊಬ್ಬನೇ ಒಯ್ದು ಹೂಳಿ ಬರಬೇಕು, ತಾಯಿ ಹೊಸ್ತಿಲು ದಾಟಬಾರದು. ಗಂಡ ಮಾನ್‌ತುನ್ ಅವತ್ತು ಮನೆಗೆ ಬಂದು, ಬಡಗಣ ದಿಣ್ಣೆಯ ಬೋರೆ ಮರದ ಬುಡದಲ್ಲಿ, ಎಂದಷ್ಟೇ ಹೇಳಿದ್ದ. ಊರಿದ್ದಷ್ಟು ಕಾಲವೂ ಅವಳು ಪ್ರತಿ ಚಳಿಗಾಲ ಆ ಬುಡಕ್ಕೆ ಬಿಸಿ ನವಣೆ ಗಂಜಿ ಸುರಿದು ಬರುತ್ತಿದ್ದಳು. ಈಗ ಆ ದಿಣ್ಣೆಯ ಮೇಲೆ ಮ್ಯೂಸಿಯಮ್ಮಿನ ಮೂರನೆಯ ಕೋಣೆ.

"ದಾರಿ ಇನ್ನೊಂದ್ಸಲ ಒಪ್ಪಿಸಿ ನೋಡೋಣ," ಎಂದು ಯಾನ್‌ನಿ ಛೇಡಿಸಿದಳು.

"ಮೂಡಲ ಗೇಟು. ಒಂದು, ಎರಡನೇ ಕೋಣೆ ನೋಡೋದೇ ಬೇಡ. ಮೂರನೇದು, ಬಡಗು ಮೂಲೆ. ಮಕ್ಕಳ ಮಡಕೆ ಇಟ್ಟಿದಾರಲ್ಲ, ಅಲ್ಲಿ."

ಆ ಕಾಲದವರು ಸತ್ತ ಕೂಸನ್ನು ಮಡಕೆಯಲ್ಲಿಟ್ಟು ಮನೆಯ ಮಗ್ಗುಲಲ್ಲೇ ಹೂಳುತ್ತಿದ್ದರಂತೆ. ಜೀವ ಓಡಾಡಿಕೊಂಡಿರಲಿ ಎಂದು ಮುಚ್ಚಳಕ್ಕೊಂದು ತೂತು ಬೇರೆ.

"ಅತ್ತೆ, ಸತ್ತವರಿಗೆ ತಲುಪ್ಲಿ ಅಂತ ಅಲ್ಲಿ ಕಾಗದ ಗೀಗದ ಸುಟ್ಟೀರಾ ಮತ್ತೆ!"

"ಅಷ್ಟು ಪೆದ್ದೀನೇನೇ ನಾನು? ಸುಮ್ನೆ ನಿಂತು ಎರಡು ಮಾತಾಡ್ಕೊಂಡು ಬರ್ತೀನಿ."

"ಮೂರನೇ ಕೋಣೇಲಿ ರಿಪೇರಿಯಂತೆ," ಎಂದ ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾನ್‌ತುನ್.

"ಮೊನ್ನೆ ಮಂಡಿ ನೋವು, ನಿನ್ನೆ ಬಸ್ಸಿಲ್ಲ, ಇವತ್ತು ರಿಪೇರಿ! ನೀನು ಬರದಿದ್ರೆ ಬಿಡು ಮಾರಾಯ, ಕಲ್ಲು ಹಾಕಬೇಡ."

ಐದು ಹೊಡೆಯಿತು. ಯಾನ್‌ನಿಯ ಬೆರಳು ಓಡಿತು. "ಸಿಕ್ತು ಅತ್ತೆ! ಮೂರೂ ಸಿಕ್ತು!"

ತ್ಸುಯಿಯೆಗೆ ಅಳುವೇ ಬಂತು. ಫೋನು ಕಸಿದುಕೊಂಡು ಮ್ಯೂಸಿಯಮ್ಮಿನ ನಕ್ಷೆಯನ್ನು ಗಂಡನ ಮೂಗಿನ ಕೆಳಗೆ ಹಿಡಿದಳು. "ಮರ ಸರಿಯಾಗಿ ಎಲ್ಲಿತ್ತು ತೋರ್ಸು. ಅವಳ ತಲೆ ಯಾವ ಕಡೆಗಿದೆ?"

ಅವನು ನಕ್ಷೆಯ ಕಡೆ ನೋಡಲಿಲ್ಲ. "ಅಲ್ಲಿಲ್ಲ ಅವಳು."

"ಅಂದ್ರೆ?"

"ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಗುದ್ದಲಿ ಇಳೀಲೇ ಇಲ್ಲ. ಹುಲ್ಲಲ್ಲಿ ಸುತ್ತಿ ಹೊಳೆ ದಂಡೇಲಿ ಬಿಟ್ಟು ಬಂದೆ. ಆಗ ಎಲ್ರೂ ಹಾಗೇ ಮಾಡ್ತಿದ್ರು. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ದಂಡೇಲಿ ಎಲ್ಲಿ?"

"ಎಲ್ಲೀಂತ ಹೇಳ್ಲಿ? ಆಮೇಲೆ ಹೊಳೇನೇ ಎರಡು ಸಲ ಪಾತ್ರ ಬದಲಾಯಿಸ್ತು."

ತ್ಸುಯಿಯೆ ಅವನ ಕೈಗಳನ್ನೇ ನೋಡಿದಳು. ಇಷ್ಟು ವರ್ಷ ಅವಳು ಮಾತಾಡಿಸಿದ್ದು ಬರೀ ಮಣ್ಣನ್ನು.

"ಆಗ ದಂಡೇಲಿ ನಾಯಿಗಳಿದ್ವು," ಎಂದಳು.

ಮಾನ್‌ತುನ್ ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡ. ಅವಳು ಬಿಡಲಿಲ್ಲ.

"ಆ ಮಡಕೆಯೋರ ಹತ್ರ ಕಬ್ಬಿಣ ಅನ್ನೋದೇ ಇರ್ಲಿಲ್ವಂತೆ. ಕಲ್ಲಲ್ಲಿ ಅಗೆದ್ರು ಅವರು. ಕಲ್ಲಲ್ಲಿ."

ಯಾನ್‌ನಿ ಮೆಲ್ಲಗೆ ಅವಳ ತೋಳು ಮುಟ್ಟಿದಳು. "ಅತ್ತೆ, ಟಿಕೆಟ್ಟು ಹಾಗೇ ಇರ್ಲಾ?"

"ತೆಗೆದುಹಾಕು. ಬೇರೆಯವರಾದ್ರೂ ಹೋಗ್ಲಿ. ನಂಗೆ ಅಲ್ಲಿ ಯಾರಿದಾರೆ?"